ಲಿಡಿಯಾ ಪುಸ್ತಕದ ಎಪ್ಪತ್ತೆರಡನೇ ಪುಟ

ಆ ಪುಸ್ತಕದ ಮುಖಬೆಲೆ ಎರಡೂವರೆ ರೂಪಾಯಿ. ಅದಕ್ಕೆ ಮೂರು ಸಲ ರಟ್ಟು ಕಟ್ಟಿಸಿದ ಖರ್ಚೇ ನೂರು ದಾಟಿದೆ. ಕಂಪ್ಲಿಯ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಗಂಗಾಂಬಿಕಾ ಅವರಿಗೆ ಅದು ಇನ್ನೂ ದುಬಾರಿಯಾಯಿತು. ಪುಸ್ತಕ ಕೊಡುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಕೊಟ್ಟ ಪುಸ್ತಕ ಓದಿದವರ ಮನೆಯಲ್ಲಿ ಏನು ಮಾಡಿತೆಂದು ನೋಡಲು ಹೋದವರು ವಿರಳ.

ಚಿತ್ತವಾಡ್ಗಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಅವರು ಶನಿವಾರ ಮಕ್ಕಳನ್ನು ಕೂಡಿಸಿಕೊಂಡು ಕಥೆ ಓದುತ್ತಿದ್ದರು. ಯಾರೋ ದಾನ ಕೊಟ್ಟ ಹಳೆಯ ಟ್ರಂಕಿನಲ್ಲಿ ಒಂದು ಕ್ರೈಸ್ತ ಮಕ್ಕಳ ಕಥೆ ಇತ್ತು. ಮೇಲಿನ ಹಾಳೆ ಹರಿದು ಹೆಸರೇ ಇಲ್ಲವಾಗಿದ್ದರಿಂದ ಎಲ್ಲರಿಗೂ ಅದು ‘ಲಿಡಿಯಾ ಪುಸ್ತಕ’. ತಬ್ಬಲಿ ಲಿಡಿಯಾಳನ್ನು ಅತ್ತೆ ಹೊಡೆಯುತ್ತಾಳೆ, ಉಪವಾಸ ಕೆಡವುತ್ತಾಳೆ. ಹುಡುಗಿ ಯಾರಿಗೂ ಹೇಳದೆ ಮಂಡಿಯೂರಿ ಪ್ರಾರ್ಥಿಸುತ್ತಾಳೆ. ಎಪ್ಪತ್ತೆರಡನೇ ಪುಟದಲ್ಲಿ ಅತ್ತೆ ಅತ್ತು, ತಪ್ಪಾಯಿತೆಂದು ಅವಳನ್ನು ಅಪ್ಪಿಕೊಳ್ಳುತ್ತಾಳೆ. “ನೋಡ್ರಿ, ಎಂಥ ತಾಳ್ಮಿ” ಎನ್ನುತ್ತಿದ್ದರು ಗಂಗಾಂಬಿಕಾ. ಶೈವ ಮನೆತನದ ಅವರಿಗೂ ಆ ಹುಡುಗಿಯ ಭಕ್ತಿ ಹಿಡಿಸಿತ್ತು. ಇಷ್ಟು ಅಳಿಸುವ ಪುಸ್ತಕವನ್ನು ಮಕ್ಕಳು ಮತ್ತೆ ಮತ್ತೆ ಯಾಕೆ ಕೇಳುತ್ತಾರೆಂಬುದು ಮಾತ್ರ ಅವರಿಗೆ ಬಗೆಹರಿಯದ ಕುತೂಹಲವಾಗಿತ್ತು.

ಹದಿನೈದು ವರ್ಷದ ಹಿಂದೆ, ಒಂದು ಮೇ ತಿಂಗಳಲ್ಲಿ ಹೊಳೆಮ್ಮ ಅದನ್ನು ನಾಲ್ಕನೇ ಸಲ ಕೇಳಿದಳು. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದ ಹತ್ತು ವರ್ಷದ ತಬ್ಬಲಿ. ಮೈಮೇಲೆ ಸ್ವೆಟರ್.

“ಬಿಸಿಲಾಗ ಸ್ವೆಟರ್ ಯಾಕವ್ವ?”

“ಚಳಿರಿ ಮೇಡಂ.”

ಗಂಗಾಂಬಿಕಾ ಹಣೆ ಮುಟ್ಟಿದರು, ಜ್ವರವಿಲ್ಲ. ಮೆಲ್ಲಗೆ ಸ್ವೆಟರಿನ ಎಡತೋಳು ಸರಿಸಿದರೆ ಕೆಂಪಗೆ ಬರೆ.

“ಅತ್ತಿ ಸೌಟು ಕಾಸಿ ಇಟ್ಟಳ್ರಿ. ಯಾರಿಗೂ ಹೇಳಬ್ಯಾಡ್ರಿ. ಲಿಡಿಯಾನೂ ಹೇಳಲಿಲ್ಲಲ್ರಿ. ನಾನೂ ಆಕಿ ಹಂಗ ಮಂಡಿ ಊರಿ ಹುಲಿಗೆಮ್ಮಗ ಕೈ ಮುಗಿತೀನಿ.” ಆಮೇಲೆ ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು: “ನಮ್ಮತ್ತಿಗೆ ಎಪ್ಪತ್ತೆರಡನೇ ಪುಟ ಯಾವಾಗ ಬರ್ತದ್ರಿ?”

ಗಂಗಾಂಬಿಕಾ ಅವತ್ತು ಬಾಗಿಲು ಹಾಕಿ, ಹುಡುಗಿಯನ್ನು ಡಾಕ್ಟರಿಗೆ ತೋರಿಸಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ನೇರ ಆ ಮನೆಗೇ ಹೋದರು. ಅತ್ತೆ ಜಂಬಕ್ಕ ಹೊಸ್ತಿಲಲ್ಲೇ ನಿಂತಳು.

“ನಮ್ಮನಿ ವಿಷಯ ನಿಮಗ್ಯಾಕ್ರಿ? ಪುಸ್ತಕ ಕೊಡೋರು ಪುಸ್ತಕ ಕೊಟ್ಟು ಸುಮ್ನ ಕುಂದ್ರಿ.”

“ಪುಸ್ತಕ ಕೊಟ್ಟಿದ್ದಕ್ಕ ಬಂದೀನವ್ವ. ಸುಮ್ನಿರು ಅಂತ ಈಕಿಗೆ ಕಲಿಸಿದಾಕಿ ನಾನ.”

ಸಂಜೆಗೆ ಅಧಿಕಾರಿಗಳು ಬಂದರು. ಹೊಳೆಮ್ಮ ಹೊಸಪೇಟೆಯ ಹಾಸ್ಟೆಲಿಗೆ ಸೇರಿದಳು. ಗಂಗಾಂಬಿಕಾ ಅವರಿಗೆ ‘ಮನೆ ಒಡೆದ ಮೇಡಂ’ ಎಂಬ ಹೆಸರು ಬಂತು. ಎರಡು ವರ್ಷ ಆ ಓಣಿಯಿಂದ ಒಂದು ಮಗುವೂ ಗ್ರಂಥಾಲಯದ ಮೆಟ್ಟಿಲು ಹತ್ತಲಿಲ್ಲ.

ಪುಸ್ತಕವನ್ನು ಅವರು ಬಚ್ಚಿಡಲಿಲ್ಲ. ಓದುವ ರೀತಿ ಬದಲಿಸಿದರು. ಅತ್ತೆ ಮೊದಲ ಸಲ ಕೈ ಎತ್ತುವಲ್ಲಿ ಪುಸ್ತಕ ಮುಚ್ಚಿ, “ಪ್ರಾರ್ಥನಿ ಇರಲಿ. ಈಗ ಲಿಡಿಯಾ ಯಾರಿಗೆ ಹೇಳಬೇಕು?” ಎಂದು ಕೇಳುತ್ತಿದ್ದರು. ಟೀಚರಿಗೆ, ಪೊಲೀಸರಿಗೆ, ಅಂಗಡಿ ಕೊಟ್ರಯ್ಯಗೆ, ಬಸ್ ಕಂಡಕ್ಟರಿಗೆ ಎಂದು ಮಕ್ಕಳು ಕೂಗುತ್ತಿದ್ದರು. “ನಿಮಗ ಹೇಳಬೇಕ್ರಿ ಮೇಡಂ, ನೀವು ಜಗಳಕ್ಕ ಮಸ್ತ್ ಅದೀರಿ” ಎಂದು ಒಬ್ಬಳು ಅಂದಾಗ ಅವರೂ ನಕ್ಕರಂತೆ. ಆ ಹೆಸರುಗಳೆಲ್ಲ ಕೊನೆಯ ಖಾಲಿ ಹಾಳೆಯಲ್ಲಿ ಅವರ ಕೈಬರಹದಲ್ಲಿವೆ. ಪಟ್ಟಿಯಲ್ಲಿದ್ದ ಯಾರಿಗೋ ಹೇಳಿ ಆಮೇಲೆ ಮೂರು ಮಕ್ಕಳು ಪಾರಾದರು.

ಗಂಗಾಂಬಿಕಾ ಅವರ ಮೊಣಕಾಲು ನೋವು ಇಳಿಯಲಿ, ಕಣ್ಣು ಚುರುಕಾಗಿರಲಿ, ಚಿತ್ತವಾಡ್ಗಿಯ ಮನೆಯ ಕಟ್ಟೆಯ ಮೇಲೆ ಶನಿವಾರದ ಓದು ಬಹುಕಾಲ ನಡೆಯಲಿ.

ಹೊಳೆಮ್ಮ ಈಗ ವಡ್ಡು ಊರಿನ ಆಸ್ಪತ್ರೆಯಲ್ಲಿ ನರ್ಸ್. ಜಂಬಕ್ಕ ಇವತ್ತಿಗೂ ಅತ್ತಿಲ್ಲ. ಹುಡುಗಿಯ ಎಡಗೈಯ ಕಲೆ ಹೋಗಲಿಲ್ಲ. ಬಲಗೈಗೆ ಬರೆ ಬೀಳಲಿಲ್ಲ.