ಐದು ಐವತ್ತೈದರ ಒಂದು ಪುಟ

ಒಂದು ಯಂತ್ರವನ್ನು ನಿಲ್ಲಿಸದೆ ಹತ್ತು ಹೆಜ್ಜೆ ಆಚೆಗೆ ಸಾಗಿಸಲು ತಗಲುವ ವೆಚ್ಚ ಇಷ್ಟು: ನಾಲ್ಕು ನಿಮಿಷ ಸಮಯ, ಒಂದು ಕೋಟಿ ಅರವತ್ತೇಳು ಲಕ್ಷ ಪುಟಗಳ ನಕಲು, ಕೊನೆಯಲ್ಲಿ ಒಂದು ಸೀನಿಗಿಂತಲೂ ಚಿಕ್ಕದಾದ ಬಿಡುವು. ಇದರ ಜೊತೆಗೆ, ಬೆಳಗಿನ ಐದಕ್ಕೆ ಬಂದು ಪರದೆಯ ಮುಂದೆ ಕೂರುವ ಒಬ್ಬ ಹೆಂಗಸು. ಈ ಕೊನೆಯದನ್ನು ಯಾರೂ ವೆಚ್ಚದಲ್ಲಿ ಹಿಡಿಯುವುದಿಲ್ಲ.

ತೋಡಾರಿನ ಗುಡ್ಡೆಯ ಮೇಲೆ, ಹಿಂದೆ ಗೇರುಬೀಜದ ಗೋದಾಮಾಗಿದ್ದ ಕಟ್ಟಡದಲ್ಲಿ ಸುಪ್ರೀತಾ ಕೆಲಸ ಮಾಡುತ್ತಾರೆ. ವಯಸ್ಸು ಮೂವತ್ತೊಂಬತ್ತು. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಒಳಗೆ ಎರಡು ಸಾಲು ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳು. ಫ್ಯಾನುಗಳ ಸದ್ದು ಎಷ್ಟು ಒಂದೇ ಸಮನೆ ಇದೆಯೆಂದರೆ, ಸ್ವಲ್ಪ ಹೊತ್ತಿನಲ್ಲಿ ಅದು ಕೇಳಿಸದಂತಾಗಿ, ಬೇರೇನೋ ಕೇಳಿಸುತ್ತಿದೆಯೇನೋ ಅನ್ನಿಸತೊಡಗುತ್ತದೆ. ಪರದೆಯ ಮೇಲೆ ಒಂದು ಅಂಕಿ ಇಳಿಯುತ್ತಿದೆ. ತೊಂಬತ್ತು ಸಾವಿರ, ಹನ್ನೊಂದು ಸಾವಿರ, ನಾಲ್ಕುನೂರು.

"ಎಂಜಲು ಎಷ್ಟುಂಟು ಅಕ್ಕಾ?" ಬಾಗಿಲ ಬಳಿಯಿಂದ ಜತ್ತಪ್ಪ ಕೇಳುತ್ತಾರೆ. ಜನರೇಟರ್ ಮತ್ತು ಬ್ಯಾಟರಿ ನೋಡಿಕೊಳ್ಳುವ ಅರವತ್ತರ ಹಿರಿಯ.

"ನಲವತ್ತು. ಈಗ ದಾಟ್ತದೆ."

ಅಂಕಿ ಸೊನ್ನೆಯಾಗುತ್ತದೆ. ಎಡಗಡೆಯ ಸಾಲಿನಲ್ಲಿದ್ದ ಒಂದು ಯಂತ್ರ ಈಗ ಬಲಗಡೆಯ ಸಾಲಿನಲ್ಲಿದೆ. ಏನೂ ಅಲುಗಿಲ್ಲ, ಯಾರೂ ಏನನ್ನೂ ಎತ್ತಿಲ್ಲ.

ತಿಳಿಯದವರಿಗೆ ಇಷ್ಟು ಹೇಳಬೇಕು. ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತು ಹದಿನೈದು ಯಂತ್ರಗಳು ಬಾಡಿಗೆದಾರರಂತೆ ಇರುತ್ತವೆ. ಅವುಗಳಿಗೆ ಮೈ ಇಲ್ಲ, ನೆನಪು ಮಾತ್ರ ಉಂಟು. ವರ್ಚುವಲ್ ಮೆಷಿನ್ ಎಂದು ಹೆಸರು. ಒಂದರಲ್ಲಿ ಸಹಕಾರಿ ಸಂಘದ ಕೆಲಸ ನಡೆಯುತ್ತದೆ, ಇನ್ನೊಂದರಲ್ಲಿ ಶಾಲೆಯದು. ಸಿಡಿಲಿಗೆ ಪೆಟ್ಟಿಗೆಯ ಒಂದು ಭಾಗ ಕೆಟ್ಟರೆ, ಇರುವೆ ಹೊಕ್ಕರೆ, ಅದನ್ನು ಆರಿಸಿ ರಿಪೇರಿ ಮಾಡಬೇಕು. ಬಾಡಿಗೆದಾರರ ಕೆಲಸ ಮಾತ್ರ ನಿಲ್ಲುವಂತಿಲ್ಲ. ಆದ್ದರಿಂದ ಅವರ ನೆನಪನ್ನು ಪುಟ ಪುಟವಾಗಿ ಬೇರೆ ಪೆಟ್ಟಿಗೆಗೆ ನಕಲು ಮಾಡಿ, ಕೊನೆಗೆ ಒಂದು ಕ್ಷಣ ಇಲ್ಲಿ ತಡೆದು ಅಲ್ಲಿ ಎಬ್ಬಿಸುತ್ತಾರೆ. ಮನೆ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಕಷ್ಟ ಇರುವುದು ಒಂದೇ ಕಡೆ. ನಕಲು ನಡೆಯುವಾಗಲೂ ಯಂತ್ರ ಬರೆಯುತ್ತಲೇ ಇರುತ್ತದೆ. ನಕಲಾದ ಪುಟದ ಮೇಲೆ ಮತ್ತೆ ಬರೆದರೆ ಆ ನಕಲು ಹಳತಾಯಿತು. ಯಾವ ಪುಟ ಹಾಗೆ ಮತ್ತೆ ಮುಟ್ಟಲ್ಪಟ್ಟಿತು ಎಂದು ಗುರುತಿಟ್ಟು, ಅದನ್ನಷ್ಟೇ ಇನ್ನೊಮ್ಮೆ ಸಾಗಿಸಬೇಕು. ಆ ಗುರುತಿಡುವ ವ್ಯವಸ್ಥೆ ಬರೆದವರು, ದಿನವೂ ಅದನ್ನು ಕಾಯುವವರು ಸುಪ್ರೀತಾ. ಅಂಥ ಪುಟಗಳಿಗೆ ಅವರು ಕೊಟ್ಟ ಹೆಸರು 'ಎಂಜಲು ಪುಟ'.

ಹೆಸರು ಬಂದದ್ದು ನಾರಾವಿಯ ಅವರ ಮನೆಯಿಂದ. ತಂದೆ ವೀರರಾಜ ಬಸದಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು, ತಾಯಿ ವಿಮಲಾ ಸಂಜೆ ಊಟ ಮುಗಿಸಿ ಶಾಸ್ತ್ರ ಓದುತ್ತಿದ್ದವರು. "ಯಾರಾದ್ರೂ ನಾಲಿಗೆಗೆ ಬೆರಳು ತಾಗಿಸಿ ಪುಟ ಮಗುಚಿದ್ರೆ ಅಮ್ಮನಿಗೆ ಸಿಟ್ಟು. 'ಎಂಜಲು ಮಾಡಿದಿಯಾ' ಅಂತ ಬೈದು, ಆ ಪುಟದ ನಂಬ್ರ ಚೀಟಿಯಲ್ಲಿ ಬರೆದಿಡ್ತಿದ್ರು. ಓದಿ ಆದ ಮೇಲೆ ಅಷ್ಟೇ ಪುಟ ತೆಗೆದು ಒಣ ಬಟ್ಟೆಯಲ್ಲಿ ಒರೆಸುವುದು. ನಾನು ಮಾಡುವುದೂ ಅದೇ ಅಲ್ವಾ? ಚೀಟಿ ಬರೆಯುವುದು," ಎನ್ನುತ್ತಾರೆ ಸುಪ್ರೀತಾ. ಈಗ ಕಚೇರಿಯ ಎಲ್ಲರ ಬಾಯಲ್ಲೂ ಅದೇ ಮಾತು. ಹೊಸದಾಗಿ ಬಂದವರು ಕ್ಯಾಂಟೀನಿನ ವಿಷಯ ಎಂದುಕೊಳ್ಳುತ್ತಾರೆ.

ಮೂಡುಬಿದಿರೆಯಲ್ಲಿ ಡಿಪ್ಲೊಮಾ ಮುಗಿಸಿ ಸುಪ್ರೀತಾ ಮೊದಲು ಸೇರಿದ್ದು ಬಿ.ಸಿ.ರೋಡಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ. ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತಿದ್ದರೂ ಗಿರಾಕಿಗಳು ಇವರ ಹೆಗಲ ಮೇಲಿಂದ ಇಣುಕಿ, "ರಿಪೇರಿಯವರು ಇಲ್ವಾ?" ಎಂದು ಕೇಳುತ್ತಿದ್ದರಂತೆ. ಒಂಬತ್ತು ವರ್ಷ ಹಾಗೆ ಹೋಯಿತು. ತೋಡಾರಿನಲ್ಲಿ ಉಮ್ಮರ್ ಎಂಬವರು ಈ ಸಂಸ್ಥೆ ಕಟ್ಟಿದಾಗ ಕರೆದರು. ಈಗ ತಿಂಗಳಿಗೆ ನಲವತ್ತು ಐವತ್ತು ಸಾಗಾಟ. ಎಲ್ಲವೂ ಬೆಳಗಿನ ಐದರಿಂದ ಆರೂವರೆಯೊಳಗೆ, ಗಿರಾಕಿಗಳ ಕೆಲಸ ತೀರ ಕಡಿಮೆ ಇರುವ ಹೊತ್ತಿನಲ್ಲಿ. ಜೈನರ ಮನೆಯ ರೂಢಿಯಂತೆ ಸೂರ್ಯ ಹುಟ್ಟುವವರೆಗೆ ಅವರು ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. "ಅಕ್ಕನಿಗೂ ಸೋಲಾರ್ ಪ್ಯಾನಲಿಗೂ ಏನೂ ವ್ಯತ್ಯಾಸ ಇಲ್ಲ ಮಾರಾಯ್ರೆ," ಎಂದು ಜತ್ತಪ್ಪ ಚಹಾ ಹೀರುತ್ತ ಕಿಚಾಯಿಸುತ್ತಾರೆ.

ಯಂತ್ರ ದಾಟಿದ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಒಂದು ಬರಿಯ ನೆನಪು ಉಳಿಯುತ್ತದೆ, ಇಲ್ಲಿ ಅದನ್ನು 'ಹಳೆಯ ಮೈ' ಎನ್ನುತ್ತಾರೆ. ಉಸಿರಾಡದ್ದು, ಆದರೆ ಎಲ್ಲವೂ ಇದ್ದ ಹಾಗೇ ಇರುವಂಥದ್ದು. ಬೇರೆಯವರು ಅದನ್ನು ಕೂಡಲೇ ಅಳಿಸಿ ಜಾಗ ತೆರವು ಮಾಡುತ್ತಾರೆ. ಸುಪ್ರೀತಾ ಎರಡು ದಿನ ಇಡುತ್ತಾರೆ. ಇವತ್ತು ದಾಟಿದ ಯಂತ್ರದ ಹಳೆಯ ಮೈಯನ್ನು ತೆರೆದು ತೋರಿಸುತ್ತಾರೆ. ಗೋಡೆಯ ಗಡಿಯಾರದಲ್ಲಿ ಆರು ಗಂಟೆ. ಅದರೊಳಗೆ ಇನ್ನೂ ಐದು ಹನ್ನೆರಡು. ಯಾರೋ ಅರ್ಧ ಟೈಪ್ ಮಾಡಿ ಬಿಟ್ಟ ಹೆಸರೊಂದು ಅಲ್ಲಿ ಅರ್ಧಕ್ಕೇ ನಿಂತಿದೆ. ಆ ಹೆಸರು ಬಲಗಡೆಯ ಸಾಲಿನಲ್ಲಿ ಯಾವಾಗಲೋ ಪೂರ್ತಿಯಾಗಿದೆ.

"ಎರಡು ದಿನ ಆ ಕಪಾಟಿನ ಎದುರು ನಾನು ಹೋಗುವುದಿಲ್ಲ," ಎನ್ನುತ್ತಾರೆ ಜತ್ತಪ್ಪ. "ಭೂತಕ್ಕಾದ್ರೆ ಕೋಲ ಕೊಡಬಹುದು. ಇದಕ್ಕೆ ಏನು ಕೊಡುವುದು?"

ಹೀಗೆ ಉಳಿಸಿದ ಒಂದು ಮೈ ಕಳೆದ ವರ್ಷ ಸಾಕ್ಷಿ ಹೇಳಿತು.

ಬೆಳ್ತಂಗಡಿ ತಾಲೂಕಿನ ಒಂದು ಆಸ್ಪತ್ರೆಯ ಯಂತ್ರ ಇಲ್ಲಿ ಬಾಡಿಗೆಗಿತ್ತು. ವಾರ್ಡಿನ ಪ್ರತಿ ಹಾಸಿಗೆಯ ನಾಡಿಬಡಿತ ನಲವತ್ತು ಸೆಕೆಂಡಿಗೊಮ್ಮೆ ಈ ಯಂತ್ರಕ್ಕೆ ಬಂದು, ಇಲ್ಲಿಂದ ದಾದಿಯರ ಪರದೆಗೆ ಹೋಗುತ್ತಿತ್ತು. ಏಳನೇ ಹಾಸಿಗೆಯಲ್ಲಿ ಬಂಟ್ವಾಳದ ಬದ್ರುದ್ದೀನ್ ಇದ್ದರು. ಎಪ್ಪತ್ತೆರಡು ವರ್ಷ, ಗುಣವಾಗದ ಕಾಯಿಲೆ. ಇನ್ನು ಎದೆ ಒತ್ತಿ ಹಿಂಸಿಸುವುದು ಬೇಡವೆಂದು ಮನೆಯವರು ಮೊದಲೇ ಹೇಳಿದ್ದರು. ಒಂದು ಬೆಳಿಗ್ಗೆ ಐದು ನಲವತ್ತನಾಲ್ಕಕ್ಕೆ ಅವರ ನಾಡಿ ನಿಂತಿತು. ಐದು ಐವತ್ತೆರಡಕ್ಕೆ ವೈದ್ಯರು ಬಂದು ನೋಡಿ ತೀರಿಕೊಂಡರೆಂದರು. ಪಕ್ಕದಲ್ಲಿದ್ದ ಹೆಂಡತಿ ಜೈನಬಮ್ಮ ದಾದಿ ತೃಷಾಗೆ, "ಇನ್ನು ಆ ವಯರೆಲ್ಲ ತೆಗಿ, ಅವರಿಗೆ ಚುಚ್ಚುತ್ತದೆ," ಎಂದರು. ತೃಷಾ ತೆಗೆದರು. ಪರದೆಯಲ್ಲಿ ಏಳನೇ ಹಾಸಿಗೆಯ ಜಾಗ ಖಾಲಿಯಾಯಿತು.

ಐದು ಐವತ್ತೈದಕ್ಕೆ ಆ ಜಾಗದಲ್ಲಿ ಮತ್ತೆ ಅಂಕಿ ಮೂಡಿತು. ಐವತ್ತೆಂಟು. ಹಸಿರು ಬಣ್ಣದಲ್ಲಿ, ಸ್ಥಿರವಾಗಿ, ನಲವತ್ತು ಸೆಕೆಂಡ್. ವಯರುಗಳು ತೃಷಾರ ಕೈಯಲ್ಲೇ ಇದ್ದವು. ಜೈನಬಮ್ಮ ಅದನ್ನು ನೋಡಿದರು. ಆಮೇಲೆ ಅಂಕಿ ಹೋಯಿತು, ವೈದ್ಯರು ಮತ್ತೊಮ್ಮೆ ಪರೀಕ್ಷಿಸಿದರು, ಮೈ ಆಗಲೇ ತಣ್ಣಗಾಗತೊಡಗಿತ್ತು. ಆದರೆ ನೋಡಿದ ಕಣ್ಣಿಗೆ ಅದರಿಂದ ಏನು ಸಮಾಧಾನ? ಜೀವ ಇದ್ದಾಗಲೇ ತಾನು ವಯರು ತೆಗೆಸಿದೆ ಎಂದು ಜೈನಬಮ್ಮ ನಂಬಿದರು. ಮನೆಗೆ ಹೋಗಿ ಮಲಗಲಿಲ್ಲ. ಕಣ್ಣು ಮುಚ್ಚಿದರೆ ಆ ಹಸಿರು ಅಂಕಿ ಕಾಣುತ್ತದೆ ಎಂದು ಮಗಳ ಹತ್ತಿರ ಹೇಳುತ್ತಿದ್ದರಂತೆ.

ಆಸ್ಪತ್ರೆಯವರು ಪರದೆ ಕೆಟ್ಟಿತ್ತು ಎಂದು ಬರೆದು ಮುಗಿಸಿದರು. ತೃಷಾಗೆ ಅದು ಒಪ್ಪಿಗೆಯಾಗಲಿಲ್ಲ. ಮರುದಿನ ಅವರೇ ತೋಡಾರಿಗೆ ಫೋನ್ ಮಾಡಿದರು. "ಪರದೆ ಕೆಟ್ರೆ ಏನೂ ಕಾಣುವುದಿಲ್ಲ ಮೇಡಂ. ಸತ್ತವರ ನಾಡಿ ಕಾಣುವುದಾ?"

ಆ ದಿನ ಲೈನ್ ನಿಧಾನವಿದ್ದು, ಆಸ್ಪತ್ರೆಯ ಯಂತ್ರ ದಾಟಲು ಹದಿನಾಲ್ಕು ನಿಮಿಷ ಹಿಡಿದಿತ್ತು. ಶುರುವಾದದ್ದು ಐದು ನಲವತ್ತೊಂದಕ್ಕೆ, ಮುಗಿದದ್ದು ಐದು ಐವತ್ತೈದಕ್ಕೆ. ಆ ಎರಡು ಸಮಯಗಳನ್ನು ನೋಡಿದ ಕೂಡಲೇ ಸುಪ್ರೀತಾ ಉಳಿಸಿದ್ದ ಹಳೆಯ ಮೈಯನ್ನು ತೆರೆದರು. ಏಳನೇ ಹಾಸಿಗೆಯ ಪುಟದಲ್ಲಿ ಅಲ್ಲಿ ಬರೆದಿದ್ದದ್ದು, ನಾಡಿ ಇಲ್ಲ, ವಯರಿಲ್ಲ. ಹೊಸ ಯಂತ್ರಕ್ಕೆ ಅದೇ ಹೊತ್ತಿನಲ್ಲಿ ಸಿಕ್ಕಿದ್ದು ಐವತ್ತೆಂಟು, ಅದರೊಳಗೆ ನಮೂದಾದ ಸಮಯ ಐದು ನಲವತ್ತೊಂದು. ಬದ್ರುದ್ದೀನ್ ಬದುಕಿದ್ದಾಗಿನ ಪುಟ. ಒಂದು ಕೋಟಿ ಅರವತ್ತೇಳು ಲಕ್ಷದಲ್ಲಿ ಅದೊಂದು ಮಾತ್ರ ಹಳತೇ ಉಳಿದಿತ್ತು.

ತಪ್ಪು ಯಾರದೆಂದು ಹುಡುಕಲು ಅವರಿಗೆ ಮೂರು ದಿನ ಬೇಕಾಯಿತು. ತನ್ನದೇ.

"ಪ್ರೊಸೆಸರ್ ಏನು ಬರೆದ್ರೂ ಚೀಟಿಯಲ್ಲಿ ಬರ್ತದೆ. ಆದ್ರೆ ನೆಟ್‌ವರ್ಕ್ ಕಾರ್ಡ್ ಉಂಟಲ್ಲ, ಹೊರಗಿನ ಮಾಹಿತಿ ತರುವುದು, ಅದು ಯಾರನ್ನೂ ಕೇಳದೆ ನೇರ ನೆನಪಿನ ಒಳಗೇ ಬರೆಯುತ್ತದೆ. ವೇಗ ಬೇಕು ಅಂತ ನಾವೇ ಹಾಗೆ ಬಿಟ್ಟದ್ದು. ಅದು ಎಲ್ಲೆಲ್ಲ ಬರೆಯಿತು ಅಂತ ಅದನ್ನೇ ಕೇಳಬೇಕು. ನಾನು ಕೇಳಿದೆ. ಅದು ಪಟ್ಟಿ ಕೊಟ್ಟಿತು. ಆಮೇಲೆ ಅದನ್ನು ನಿಲ್ಲಿಸಿದೆ. ಪಟ್ಟಿ ಕೊಟ್ಟದ್ದಕ್ಕೂ ನಿಂತದ್ದಕ್ಕೂ ನಡುವೆ ಅದು ಇನ್ನೊಂದು ಪುಟ ಬರೆದಿತ್ತು. ಪುಟಗಳನ್ನು ಅದು ಸರದಿಯಲ್ಲಿ ತುಂಬಿಸುವುದು, ಆ ಪುಟದ ಸರದಿ ಐದು ನಲವತ್ತೊಂದರ ಮೇಲೆ ಮತ್ತೆ ಬಂದದ್ದು ಆಗಲೇ." ಮತ್ತೆ ಹೇಳುತ್ತಾರೆ, "ಮೊದಲು ಕೈ ಕಟ್ಟಬೇಕು. ಆಮೇಲೆ ಏನೇನು ಮುಟ್ಟಿದೆ ಅಂತ ಕೇಳಬೇಕು. ಅಷ್ಟೇ. ಎರಡು ಸಾಲು ಹಿಂದೆ ಮುಂದೆ ಆಗಿತ್ತು."

ಎರಡು ಸಾಲು ಅದಲು ಬದಲು ಮಾಡಲು ಐದು ನಿಮಿಷ ಸಾಕಾಯಿತು. ಉಳಿದದ್ದು ಹೇಳುವ ಕೆಲಸ. ಉಮ್ಮರ್ ಅವರಿಗೆ ಆಸ್ಪತ್ರೆಯೇ ದೊಡ್ಡ ಗಿರಾಕಿ. ಅವರು ಮೊದಲು, "ಹೇಳಿದ್ರೆ ಅವರು ನಮ್ಮನ್ನು ಬಿಡ್ತಾರೆ," ಎಂದರಂತೆ. ಆಮೇಲೆ, "ಹೇಳದಿದ್ರೆ ಆ ಮುದುಕಿ ಹೀಗೇ ಸಾಯ್ತಾರೆ. ಆದ್ರೆ ನಾನು ಹೋಗುವ ಹಾಗಿಲ್ಲ. ಅವರು ಇದ್ದತ್‌ನಲ್ಲಿದ್ದಾರೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವುದಿಲ್ಲ. ಫೋನಿನಲ್ಲಿ ಹೇಳುವ ಮಾತಾ ಇದು? ನೀವೇ ಹೋಗಿ."

ಕೋಡ್ ಬರೆದವರು ಬಾಗಿಲು ತಟ್ಟುವುದು ಈ ಕಸುಬಿನಲ್ಲಿಲ್ಲ. ಸುಪ್ರೀತಾ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದರು. ಒಳಕೋಣೆಯಲ್ಲಿ ಜೈನಬಮ್ಮ ಗೋಡೆಗೊರಗಿ ಕೂತಿದ್ದರು. ಪುಟ, ಕಾರ್ಡ್, ಪೆಟ್ಟಿಗೆ ಎಲ್ಲ ಹೇಳಿದ್ದಾಯಿತು. ತಪ್ಪು ತನ್ನದು ಎಂದದ್ದೂ ಆಯಿತು. ಜೈನಬಮ್ಮ ಸೆರಗಿನ ಅಂಚು ಹಿಡಿದು ಕೇಳಿಸಿಕೊಂಡರು, ಅರ್ಥವಾದ ಹಾಗೆ ಕಾಣಲಿಲ್ಲ.

"ಆ ಐವತ್ತೆಂಟು ಅವರದ್ದೇ," ಎಂದರು ಸುಪ್ರೀತಾ, ಕೊನೆಗೆ. "ಆದ್ರೆ ನೀವು ನೋಡುವಾಗಿನದ್ದಲ್ಲ. ಅದಕ್ಕಿಂತ ಹದಿನಾಲ್ಕು ನಿಮಿಷ ಮೊದಲಿನದ್ದು. ದಾರಿಯಲ್ಲಿ ಉಳಿದಿತ್ತು."

ಜೈನಬಮ್ಮ ತಲೆ ಎತ್ತಿದರು. "ಕಾಗದದ ಹಾಗೆಯಾ?"

"ಯಾವ ಕಾಗದ?"

"ಅವರು ಸೌದಿಯ ದಮಾಮಿನಲ್ಲಿ ಇದ್ದದ್ದು ಹದಿನೆಂಟು ವರ್ಷ. ಕಾಗದ ಬರಲಿಕ್ಕೆ ಹದಿನೈದು ದಿನ. ಜ್ವರ ಅಂತ ಬರೆದಿರ್ತಿದ್ರು. ನಾನು ಇಲ್ಲಿ ಕೂತು ಅಳುವಾಗ ಅವರು ಅಲ್ಲಿ ಜ್ವರ ಬಿಟ್ಟು ಕೆಲಸಕ್ಕೆ ಹೋಗಿ ಆಗಿರ್ತಿತ್ತು." ಸೆರಗಿನ ಅಂಚು ಕೈಬಿಟ್ಟು, "ಹಾಗಾದ್ರೆ ನಾನು ತೆಗೆಸುವಾಗ ಅವರು ಇರ್ಲಿಲ್ಲ."

"ಇರ್ಲಿಲ್ಲ."

"ಕಾಗದ ಮಾತ್ರ."

"ಕಾಗದ ಮಾತ್ರ."

ಮಗಳು ಚಹಾ ತಂದಿಟ್ಟರು. ಜೈನಬಮ್ಮ ಸುಪ್ರೀತಾರನ್ನೂ ಮಗಳೆಂದೇ ಕರೆದು ಇನ್ನೊಂದು ಕೇಳಿದರು. "ಅಲ್ಲ ಮೋಳೇ, ಇಲ್ಲಿ ನಿಲ್ಲಿಸಿ ಅಲ್ಲಿ ಎಬ್ಬಿಸುವುದು ಅಂತ ಹೇಳಿದೆ. ನಡುವೆ ಅದು ಎಲ್ಲಿ ಇರ್ತದೆ?"

"ಎಲ್ಲಿಯೂ ಇರುವುದಿಲ್ಲ ಜೈನಬಮ್ಮ. ನನಗೂ ಸರಿ ಗೊತ್ತಿಲ್ಲ."

"ನಮ್ಮಲ್ಲಿ ಅದಕ್ಕೆ ಬರ್ಝಖ್ ಅಂತ ಹೇಳುವುದು. ಸತ್ತ ಮೇಲೆ, ಎಬ್ಬಿಸುವ ಮೊದಲು ಇರುವ ಜಾಗ." ಎಷ್ಟೋ ದಿನಗಳ ಮೇಲೆ ಅವರ ತುಟಿ ಸ್ವಲ್ಪ ಅರಳಿತಂತೆ. "ನೀನು ದಿನಾ ಬೆಳಿಗ್ಗೆ ಅಲ್ಲಿ ಕೂತು ಮಾಡುವುದು ಅದೇ ಕೆಲಸವಾ? ಹೆದರಿಕೆ ಆಗುವುದಿಲ್ವಾ?"

"ಆಗ್ತದೆ," ಎಂದರು ಸುಪ್ರೀತಾ. ಈ ಮಾತನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ತಾಯಿ ಚಾಪೆ ಹಾಸಿಕೊಂಡು ಮಲಗಿದರು, ಬೆಳಗಿನ ನಮಾಝಿಗೆ ತಾನೇ ಎಬ್ಬಿಸಬೇಕಾಯಿತು ಎಂದು ಮಗಳು ಮರುದಿನ ಫೋನ್ ಮಾಡಿ ತಿಳಿಸಿದರು. ಆಸ್ಪತ್ರೆಯವರಿಗೂ ಉಮ್ಮರ್ ವಿಷಯ ಪೂರ್ತಿ ಬರೆದು ಕೊಟ್ಟರು. ಎರಡು ತಿಂಗಳಲ್ಲಿ ಆಸ್ಪತ್ರೆಯವರು ಕರಾರು ಮುಗಿಸಿ ಬೇರೆ ಕಡೆ ಹೋದರು. ತೋಡಾರಿನಲ್ಲಿ ಆರು ಮಂದಿಯಿದ್ದದ್ದು ಐದಾಯಿತು. ಸುಪ್ರೀತಾರ ಸಂಬಳ ಈ ವರ್ಷ ಏರಲಿಲ್ಲ. ಅಲ್ಲಿಂದೀಚೆಗೆ ಐನೂರಕ್ಕೂ ಹೆಚ್ಚು ಸಾಗಾಟವಾಗಿವೆ. ಪ್ರತಿಯೊಂದರ ಹಳೆಯ ನೆನಪನ್ನೂ ಹೊಸದರ ಜೊತೆ ಹೋಲಿಸಿ ನೋಡಿದ್ದಾರೆ, ಇನ್ನೊಂದು ಪುಟ ತಪ್ಪಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಸುಪ್ರೀತಾ ತುಂಬ ಯೋಚಿಸುವುದಿಲ್ಲ. "ನನ್ನ ಕೆಲಸ ಯಾರಿಗೂ ಗೊತ್ತಾಗದಿದ್ರೆ ಸಾಕು. ಗೊತ್ತಾದದ್ದು ಒಂದೇ ಸಲ. ಆಗ ಆಸ್ಪತ್ರೆ ಹೋಯಿತು, ಇಲ್ಲಿದ್ದ ಒಬ್ಬ ಹುಡುಗಿಯ ಕೆಲಸ ಹೋಯಿತು. ಜೈನಬಮ್ಮನಿಗೆ ನಿದ್ದೆ ಬಂತು."