ಅಂಗಡಿಯಲ್ಲಿ ಮಾತ್ರ ಸರಿಯಿರುವ ಕಂಪ್ಯೂಟರ್

ತಿ. ನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ಶಾಲೆಯ ಪ್ರಶ್ನೆಪತ್ರಿಕೆ, ಕರಾರು ಪತ್ರ, ಏನು ಬಂದರೂ ಸರಿ. ಹೋದ ಬೇಸಿಗೆಯಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋಗಿ, ಮತ್ತೆ ತಾನೇ ಆನ್ ಆಗತೊಡಗಿತು. ಅರ್ಧ ಪುಟ ಮುಗಿಸುವಷ್ಟರಲ್ಲಿ ಪರದೆ ಕಪ್ಪು. ಸಾಲದ್ದಕ್ಕೆ ಸಿಪಿಯು ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು.

"ಚಪ್ಪಲಿ ಹಾಕ್ಕೊಂಡು ಕೂತ್ಕೊ" ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ.

ಅದನ್ನು ಕೊಂಡದ್ದು ನನ್ನ ತವರೂರು ನಂಜನಗೂಡಿನಲ್ಲಿ. ಪೆಟ್ಟಿಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಂಗಡಿಯವರು ಮಧ್ಯಾಹ್ನದವರೆಗೂ ಓಡಿಸಿದರು. ಒಮ್ಮೆಯೂ ಆರಲಿಲ್ಲ.

"ಏನೂ ಆಗಿಲ್ವಲ್ಲ ಮೇಡಂ. ಧೂಳು ಹೊಡ್ದಿದೀನಿ, ತಗೊಂಡೋಗಿ."

ಮನೆಗೆ ತಂದ ಮಾರನೆಯ ದಿನವೇ ಆರಿತು. ಮತ್ತೆ ಬೆಡ್‌ಶೀಟು, ಮತ್ತೆ ಬಸ್ಸು. ಈ ಸಲ ಒಳಗಿನ ಪವರ್ ಸಪ್ಲೈಯನ್ನೇ ಬದಲಾಯಿಸಿದರು. ಅಂಗಡಿಯಲ್ಲಿ ಅದು ಸಾಧು ಮಗುವಿನಂತೆ ನಡೆಯುತ್ತಿತ್ತು. ಮನೆಯಲ್ಲಿ ಅದೇ ಹಳೇ ರಂಪ. ಅಂಗಡಿಗೆ ಫೋನ್ ಮಾಡಿ ರೇಗಿದೆ.

"ನಿಮ್ಮನೆ ಕರೆಂಟ್ ಚೆಕ್ ಮಾಡ್ಸಿ ಮೇಡಂ" ಎಂದರು.

ಟಿವಿ, ಫ್ಯಾನು ಎಲ್ಲ ಓಡುತ್ತಿರುವಾಗ ಕರೆಂಟಿನದೇನು ತಪ್ಪು? ಜಾರಿಕೊಳ್ಳುವ ಮಾತು ಅನ್ನಿಸಿ ಫೋನ್ ಕುಕ್ಕಿದೆ.

ಶಾಲೆಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಆರಿದ ಗಳಿಗೆಯಲ್ಲೇ ಹಿತ್ತಲಲ್ಲಿ ಬಟ್ಟೆ ಒಗೆಯುವ ಮಿಷನ್ ಗುಂಯ್‌ಗುಟ್ಟಿದ್ದು ಕೇಳಿಸಿತು. ಓಡಿದೆ. ಅತ್ತೆ ಮಿಷನ್ನಿನ ಮುಂದೆ ಊಟದ ಮಣೆಯ ಮೇಲೆ ನಿಂತಿದ್ದರು.

"ಮಣೆ ಮೇಲ್ಯಾಕೆ ನಿಂತಿದೀರಿ ಅತ್ತೆ?"

"ಇದು ಮುಟ್ಟುದ್ರೆ ಜುಮ್ ಅಂತದೆ ಕಣವ್ವ. ಮಣೆ ಮ್ಯಾಲೆ ನಿಂತ್ರೆ ಏನೂ ಆಗಕಿಲ್ಲ."

"ಯಾವತ್ತಿಂದ?"

"ಅಂಗಳಕ್ಕೆ ಟೈಲ್ಸ್ ಆಕ್ಸುದ್ವಲ್ಲ, ಆವತ್ತಿಂದ. ಮಿಷನ್ ತಿರುಗುದ್ರೆ ಅಡ್ಗೆಮನೆ ಲೈಟೂ ಮಂಕಾಯ್ತದೆ."

"ನಂಗೆ ಹೇಳ್ಬಾರ್ದಿತ್ತಾ?"

"ನೀನು ಆ ಪೆಟ್ಗೆ ಎತ್ಕೊಂಡು ನಂಜನಗೂಡ್ಗೆ ಓಯ್ತಿದ್ದೆ. ಪೆಟ್ಗೆದೇ ಕಾಯ್ಲೆ ಅನ್ಕೊಂಡೆ."

ಅಳುವಷ್ಟು ಸಿಟ್ಟು ಬಂತು. ಅವರ ಮೇಲೋ, ಟೈಲ್ಸ್ ಹಾಕಿಸಿದ ಯಜಮಾನರ ಮೇಲೋ, ನನಗೇ ಗೊತ್ತಾಗಲಿಲ್ಲ. ಮಿಷನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೆ. ಅವರು ಬಂದದ್ದು ಸಂಜೆಗೆ. ಮೀಟರ್ ಬೋರ್ಡಿನಲ್ಲಿ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರು ಸಡಿಲಗೊಂಡು ಸುಟ್ಟು ಕರಕಾಗಿತ್ತು. ಮಿಷನ್ ತಿರುಗಿದಾಗಲೆಲ್ಲ ವೋಲ್ಟೇಜ್ ಕುಸಿಯುತ್ತಿದ್ದುದು ಅದರಿಂದ. ನೆಲಕ್ಕೆ ಹೋಗಬೇಕಿದ್ದ ಅರ್ಥಿಂಗ್ ತಂತಿಯನ್ನು ಟೈಲ್ಸಿನವರು ಅಡ್ಡ ಬಂತೆಂದು ಕತ್ತರಿಸಿ, ಮೇಲೆ ಸಿಮೆಂಟ್ ಬಳಿದಿದ್ದರು. ಜುಮ್ಮೆನ್ನುತ್ತಿದ್ದುದು ಅದಕ್ಕೆ.

ನ್ಯೂಟ್ರಲ್ ಅಂದೇ ಸರಿಯಾಯಿತು. ಅರ್ಥಿಂಗಿಗೆ ಗೇಟಿನ ಪಕ್ಕ ಹೊಸ ಗುಂಡಿ ತೋಡಿಸಬೇಕಾಯಿತು, ಏಕೆಂದರೆ ಟೈಲ್ಸ್ ಒಡೆಯಲು ಯಜಮಾನರು ಸುತರಾಂ ಒಪ್ಪಲಿಲ್ಲ. ಆಮೇಲೆ ಕಂಪ್ಯೂಟರ್ ಆರಲಿಲ್ಲ. ಪ್ರಶ್ನೆಪತ್ರಿಕೆ ಮುಗಿಸಿಕೊಡುತ್ತೇನೆಂದು ಹೆಡ್‌ಮಾಸ್ಟರಿಗೆ ಫೋನ್ ಮಾಡಿದರೆ, "ಬೇರೆ ಕಡೆ ಮಾಡಿಸ್ಬಿಟ್ವಲ್ಲಮ್ಮ, ಎಷ್ಟು ದಿನ ಕಾಯೋದು?" ಎಂದರು.

ಅಂದು ಸಂಜೆ ಯಜಮಾನರು ದೊಡ್ಡ ಡಬ್ಬವೊಂದನ್ನು ಹೊತ್ತು ಬಂದು, "ಯಾವುದಕ್ಕೂ ಇರ್ಲಿ, ಇನ್ಮೇಲೆ ಕಂಪ್ಯೂಟರ್ ಆರ್ಬಾರ್ದು ಅಂತ ಯುಪಿಎಸ್ ತಂದೆ" ಎಂದರು.

ನಾನು ಅಡುಗೆಮನೆಗೆ ಹೋಗಿ, ಮುದ್ದೆಗೆ ಹಿಟ್ಟು ತಿರುವತೊಡಗಿದೆ.