ನೂಲು ಬರುವುದರೊಳಗೆ

“ಏನಕ್ಕಾ ಇದು, ಪೂಜೆ ಮಾಡೋ ಮಗ್ಗದ ಗುಂಡೀಲಿ ಮಗೂನ ಇಳಿಸೋದಾ!” ಎಂದು ಗದರಿಬಿಟ್ಟೆ. ನೇಯುವಾಗ ಕಾಲು ಇಳಿಬಿಡುವ ಆ ಗುಂಡಿಯಲ್ಲಿ, ಎರಡು ವರ್ಷ ತುಂಬಿದರೂ ನಿಲ್ಲಲಾರದ ಅವಳ ಮಗಳು ಅಂಚು ಹಿಡಿದು ನಡುಗುತ್ತ ನಿಂತಿದ್ದಳು. ಯುದ್ಧ ಶುರುವಾಗಿ ನೂಲು ಸಿಗದೆ ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ನನ್ನ ಮಗ್ಗವನ್ನು ಮಾರಿಬಿಡುತ್ತೇನೆಂದು ಹೇಳಲು ಅಕ್ಕನ ಮನೆಗೆ ಹೋಗಿದ್ದೆ.

ಅಕ್ಕ ತಲೆಯೆತ್ತಲಿಲ್ಲ. “ನೂಲಿದ್ದಾಗ ಇವಳ ಕಾಲು ನೋಡೋಕೆ ನಂಗೆಲ್ಲಿತ್ತು ಪುರುಸೊತ್ತು? ಅದು ಬರೋದ್ರೊಳಗೆ ಇವಳನ್ನ ನಡೆಸ್ಬೇಕು ಕಣೋ. ಬಾ, ನೀನೊಂದು ಕೈ ಹಿಡ್ಕೊ.”

ಮಗ್ಗ ಮಾರುವ ಮಾತು ಬಿಟ್ಟು ಮಗುವಿನ ಕೈ ಹಿಡಿದೆ. ಎಷ್ಟೋ ತಿಂಗಳ ಮೇಲೆ, ನೂಲು ಬಂತೆಂದು ಕೂಗುತ್ತ ಅಕ್ಕನ ಮನೆಗೆ ಓಡಿದೆ. ಯಾರೆಂದು ನೋಡಲು ಬಾಗಿಲಿಗೆ ನಡೆದು ಬಂದದ್ದು ಆ ಮಗು.